ಜಯಮಂಗಲಿಯ ನಡುವೆ ಕೂತ ಸೊನ್ನೆ

ಎರಡು ಪದ ಬರೆದಿದ್ದೇನೆ, ನೋಡಿ: ಜಯಮಂಗಲಿ, ಜಯಮ೦ಗಲಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿ ಸೇರುವ ನಮ್ಮ ಹೊಳೆಯ ಹೆಸರದು. ಓದುವವರಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಮೊದಲನೆಯದರಲ್ಲಿ ‘ಮ’ದ ಪಕ್ಕ ಇರುವುದು ಅನುಸ್ವಾರ, ಎರಡನೆಯದರಲ್ಲಿ ಅದೇ ಜಾಗಕ್ಕೆ ಕನ್ನಡದ ಅಂಕಿ ಸೊನ್ನೆ ಬಂದು ಕೂತಿದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದು 3200ರಿಂದ 3327ರ ತನಕ 128 ಸ್ಥಾನಗಳು ಮೀಸಲಾಗಿವೆ. ಅದರಲ್ಲಿ ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಅನುಸ್ವಾರ ಹಾಕಿ ಹುಡುಕಿದವರಿಗೆ ಸೊನ್ನೆ ಹಾಕಿ ಬರೆದ ಹೊಳೆ ಸಿಗುವುದೇ ಇಲ್ಲ.

ಕೊರಟಗೆರೆಯದು ಇನ್ನೂ ಸೂಕ್ಷ್ಮ. ‘ಕೊ’ ಅಕ್ಷರವನ್ನು ಎರಡು ಬಗೆಯಲ್ಲಿ ಕೂಡಿಸಬಹುದು. ‘ಕ’ ಆದ ಮೇಲೆ ಒತ್ವದ ಚಿಹ್ನೆಯೊಂದನ್ನೇ ಇಡುವುದು ಒಂದು ಬಗೆ: 3221, 3274. ‘ಕ’ ಆದ ಮೇಲೆ ಎತ್ವವನ್ನೂ ಆಮೇಲೆ ಕೊಂಬಿನ ದೀರ್ಘವನ್ನೂ ಇಡುವುದು ಇನ್ನೊಂದು: 3221, 3270, 3266. ಸೊನ್ನೆ-ಅನುಸ್ವಾರಗಳಲ್ಲಾದರೂ ಕೆಲವು ಫಾಂಟ್‌ಗಳಲ್ಲಿ ಸಣ್ಣ ವ್ಯತ್ಯಾಸ ಕಂಡೀತು. ಇಲ್ಲಿ ಅದೂ ಇಲ್ಲ; ತೆರೆಯ ಮೇಲೆ ಕೂದಲೆಳೆಯಷ್ಟೂ ಭೇದ ಕಾಣದು. ಎರಡನ್ನೂ ಸಮಾನ ಎಂದೇ ಎಣಿಸಬೇಕೆಂದು ಯೂನಿಕೋಡ್ ನಿಯಮ ಹೇಳುತ್ತದೆ ನಿಜ. ಆದರೆ ನಾವು ಬರೆಯುವ ಪ್ರೋಗ್ರಾಂ ಆ ನಿಯಮವನ್ನು ತಾನಾಗಿ ಪಾಲಿಸುವುದಿಲ್ಲ, ಸಂಖ್ಯೆಗೆ ಸಂಖ್ಯೆ ಹೋಲಿಸಿ ನೋಡಿ ಬೇರೆ ಊರು ಎಂದು ಬಿಡುತ್ತದೆ. ಕೊರಟಗೆರೆಗೆ ಆದದ್ದೇ ಕೊಡಿಗೇನಹಳ್ಳಿಗೂ ಆಗುತ್ತದೆ. ಅಲ್ಲಿ ‘ಕೊ’ ಒಂದೇ ಅಲ್ಲ, ‘ಗೇ’ ಕೂಡ ಎರಡು ಬಗೆಯಲ್ಲಿ ಬರಬಹುದು.

ಈ ಮಾತನ್ನು ಮಧುಗಿರಿ ಶೈಕ್ಷಣಿಕ ಜಿಲ್ಲೆಯ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪುರವರದಂಥ ಹೋಬಳಿಯಿಂದ ಬಸ್ಸು ಹಿಡಿದು ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದಲು ಹೋಗುವವರಿಗೆ ಕೊನೆಯ ವರ್ಷ ಪ್ರಾಜೆಕ್ಟ್ ಎಂಬುದೊಂದು ಇರುತ್ತದೆ. ಅದು ಸಾಮಾನ್ಯವಾಗಿ ಹೇಗೆ ನಡೆಯುತ್ತದೆಂದು ಎಲ್ಲರೂ ಬಲ್ಲರು. ನಾಲ್ಕು ಜನರ ತಂಡ, ಒಬ್ಬರ ಲ್ಯಾಪ್‌ಟಾಪು, ಪೆನ್‌ಡ್ರೈವಿನಲ್ಲಿ ಓಡಾಡುವ ಜಿಪ್ ಫೈಲು. ‘ಫೈನಲ್’ ಎಂದೊಂದು ಫೋಲ್ಡರು, ಅದರ ಪಕ್ಕ ‘ಫೈನಲ್ 2’. ಎರಡರಲ್ಲಿ ಯಾವುದು ನಡೆಯುತ್ತದೆ, ಯಾವುದರಲ್ಲಿ ಯಾರು ಏನು ತಿದ್ದಿದರು ಎಂಬುದು ವೈವಾ ಹಿಂದಿನ ರಾತ್ರಿ ಯಾರಿಗೂ ನೆನಪಿರುವುದಿಲ್ಲ. ವೈವಾ ಮುಗಿದ ದಿನ ಕೆಲಸವೂ ಮುಗಿಯಿತು. ಮುಂದಿನ ವರ್ಷದವರು ಅದೇ ವಿಷಯವನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಇಷ್ಟು ಶ್ರಮ, ಇಷ್ಟು ಬುದ್ಧಿ ವರ್ಷ ವರ್ಷವೂ ಹೀಗೆ ಕರಗಿಹೋಗುವುದು ನನಗೆ ಸಂಕಟದ ವಿಷಯ. ಮಕ್ಕಳಲ್ಲಿ ಕೊರತೆಯಿಲ್ಲ. ಮೊದಲ ದಿನ ಮಾಡಬೇಕಾದ ಎರಡು ಏರ್ಪಾಡುಗಳನ್ನು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೆ. ಮಾಡಿದ ಪ್ರತಿ ಬದಲಾವಣೆಯ ದಾಖಲೆ ಒಂದು, ತಪ್ಪನ್ನು ತಾನೇ ಹಿಡಿಯುವ ತಪಾಸಣೆ ಇನ್ನೊಂದು.

ಕೈಗೆ ಸಿಗುವ ಪ್ರಾಜೆಕ್ಟೊಂದನ್ನೇ ಇಟ್ಟುಕೊಳ್ಳೋಣ: ನಾಲ್ಕೂ ತಾಲ್ಲೂಕುಗಳ ಹಳ್ಳಿ ಮತ್ತು ಕೆರೆಗಳ ಹೆಸರುಪಟ್ಟಿ, ಅದರ ಮೇಲೆ ಹುಡುಕುವ ಒಂದು ಪುಟ್ಟ ಪ್ರೋಗ್ರಾಂ. ಕೇಳಲು ಸುಲಭ. ಕೈ ಹಾಕಿದರೆ ಗೊತ್ತಾಗುತ್ತದೆ. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ. ಪಾವಗಡದ ವೈ.ಎನ್.ಹೊಸಕೋಟೆಯನ್ನು ಒಬ್ಬರು ಚುಕ್ಕಿ ಇಟ್ಟು, ಇನ್ನೊಬ್ಬರು ಚುಕ್ಕಿಯ ಬದಲು ಖಾಲಿ ಜಾಗ ಬಿಟ್ಟು, ಮತ್ತೊಬ್ಬರು ಎರಡನ್ನೂ ಹಾಕಿ ಬರೆಯುತ್ತಾರೆ. ಕಂಪ್ಯೂಟರ್ ಮೂರು ಊರು ಎಣಿಸುತ್ತದೆ. ಕೊರಟಗೆರೆಯ ಸಿ.ಎನ್.ದುರ್ಗ, ಚನ್ನರಾಯನದುರ್ಗ ಒಂದೇ. ಶಿರಾ, ಸಿರಾ ಎರಡೂ ಬಳಕೆಯಲ್ಲಿವೆ. ಹಳೆಯ ಕಾಗದಗಳಲ್ಲಿ ಮಧುಗಿರಿ ಮದ್ದಗಿರಿ ಎಂದಿದೆ. 2014ರ ನವೆಂಬರ್ 1ಕ್ಕೆ ಮುಂಚಿನ ಸರ್ಕಾರಿ ಕಡತಗಳಲ್ಲಿ ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ತುಮ್ಕೂರ್ ಎಂದೇ ಇತ್ತು. ‘ಕಸಬಾ ಹೋಬಳಿ’ ನಾಲ್ಕೂ ತಾಲ್ಲೂಕಿನಲ್ಲಿ ಇದೆ. ಹಾಗಾಗಿ ಹೋಬಳಿಯ ಹೆಸರೊಂದನ್ನೇ ನಂಬಿ ಪ್ರೋಗ್ರಾಂ ಬರೆದರೆ ಪಾವಗಡದ ಹಳ್ಳಿ ಕೊರಟಗೆರೆಗೆ ಹೋಗಿ ಕೂರುತ್ತದೆ.

ಇಂಥ ಪಟ್ಟಿಯನ್ನು ನಾಲ್ಕು ಜನ ಆರು ತಿಂಗಳು ತಿದ್ದುತ್ತಾರೆ ಎಂದುಕೊಳ್ಳಿ. ಯಾವ ಹೆಸರು ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು, ಏಕೆ?

ನಾಡಕಚೇರಿಗೆ ಹೋಗಿ ಬಂದವರಿಗೆ ಈ ಪ್ರಶ್ನೆಯ ಉತ್ತರ ಹೊಸದಲ್ಲ. ಪಹಣಿಯ 9ನೇ ಕಾಲಂನಲ್ಲಿ ಈಗಿನ ಸ್ವಾಧೀನದಾರರ ಹೆಸರಿರುತ್ತದೆ. 10ನೇ ಕಾಲಂನಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬ ಗುರುತು, ಎಂ.ಆರ್. ನಂಬರ್. ಆ ನಂಬರ್ ಹಿಡಿದು ಮ್ಯುಟೇಷನ್ ರಿಜಿಸ್ಟರ್ ತೆಗೆಸಿದರೆ ಕ್ರಯವೋ ಪೌತಿಯೋ ವಿಭಾಗವೋ ದಾನವೋ, ಯಾವ ತಾರೀಕು, ಯಾರ ಆದೇಶ, ಎಲ್ಲ ಸಿಗುತ್ತದೆ. ಹೆಸರು ಬದಲಾಗುವ ಮೊದಲು ಸಾಮಾನ್ಯವಾಗಿ ನೋಟಿಸ್ ಕೊಡುತ್ತಾರೆ, ತಕರಾರಿಗೆ ಕಾಲಾವಕಾಶ ಇರುತ್ತದೆ, ತಕರಾರಿಲ್ಲದಿದ್ದರೆ ರೆವಿನ್ಯೂ ಇನ್‌ಸ್ಪೆಕ್ಟರ್ ಆದೇಶ ಮಾಡುತ್ತಾರೆ. ಹಳೆಯ ಹೆಸರನ್ನು ಉಜ್ಜಿ ಅಳಿಸುವುದಿಲ್ಲ. ಅದರ ಮೇಲೊಂದು ಹೊಸ ನಮೂದು ಬರುತ್ತದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಯ ಜಾಗಕ್ಕೆ ಕಂಪ್ಯೂಟರ್ ಪಹಣಿ ಬಂದಾಗಲೂ ಈ ಕ್ರಮ ಹಾಗೆಯೇ ಉಳಿಯಿತು. ಗಿಟ್ ಎಂಬ ತಂತ್ರಾಂಶ ಮಾಡುವ ಕೆಲಸವೂ ಇದೇ. ಅಲ್ಲಿನ ಒಂದು ಕಮಿಟ್ ಎಂದರೆ ಒಂದು ಮ್ಯುಟೇಷನ್ ನಮೂದು. ‘ಗಿಟ್ ಲಾಗ್’ ಎಂದರೆ ರಿಜಿಸ್ಟರು. ‘ಗಿಟ್ ಬ್ಲೇಮ್’ ಎಂದು ಕೇಳಿದರೆ ಫೈಲಿನ ಪ್ರತಿ ಸಾಲಿನ ಎದುರಿಗೂ ಅದರ ಎಂ.ಆರ್. ನಂಬರ್ ಬರುತ್ತದೆ.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆ ನಿಂತುಹೋದಾಗ ಲಿನಸ್ ಟೋರ್ವಾಲ್ಡ್ಸ್ ತಮ್ಮದೇ ಒಂದನ್ನು ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್ ತನ್ನ ಕೋಡನ್ನು ತಾನೇ ದಾಖಲಿಸಿಕೊಳ್ಳುವಷ್ಟು ಬೆಳೆದಿತ್ತು. ಅದೇ ವರ್ಷದ ಜುಲೈನಿಂದ ಜುನಿಯೊ ಹಮಾನೊ ಅದರ ಉಸ್ತುವಾರಿ ವಹಿಸಿಕೊಂಡರು. ಇಂಥ ದಾಖಲೆಯ ಯೋಚನೆ ಅದಕ್ಕೂ ಹಳೆಯದು, 1972ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಅಂಥದೊಂದನ್ನು ಬರೆದಿದ್ದರು. ಆದರೆ ನಮ್ಮ ಕಡೆಯ ಮಕ್ಕಳಿಗೆ ಗಿಟ್‌ನ ಒಂದು ಗುಣ ಎಲ್ಲಕ್ಕಿಂತ ಮುಖ್ಯ: ಅದಕ್ಕೆ ಹೊತ್ತು ಹೊತ್ತಿಗೂ ಇಂಟರ್ನೆಟ್ ಬೇಡ. ಹಿಂದಿನ ಹಲವು ವ್ಯವಸ್ಥೆಗಳಲ್ಲಿ ಚರಿತ್ರೆಯೆಲ್ಲ ದೂರದ ಒಂದು ಸರ್ವರ್‌ನಲ್ಲಿ ಇರುತ್ತಿತ್ತು. ಗಿಟ್‌ನಲ್ಲಿ ಪೂರ್ತಿ ರಿಜಿಸ್ಟರು ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ನೆಟ್‌ವರ್ಕ್ ಇಲ್ಲದ ಮನೆಯಲ್ಲಿ ಕೂತು ದಿನವಿಡೀ ಕಮಿಟ್ ಮಾಡಬಹುದು, ಹಿಂದಿನದನ್ನು ತೆರೆದು ನೋಡಬಹುದು, ಕೆಟ್ಟದ್ದನ್ನು ಹಿಂದಕ್ಕೆ ತಿರುಗಿಸಬಹುದು. ಸಂಜೆ ಸಿಗ್ನಲ್ ಸಿಕ್ಕಾಗ ಫೋನಿನ ಹಾಟ್‌ಸ್ಪಾಟ್ ಹಾಕಿ ಸರ್ವರಿಗೆ ‘ಪುಶ್’ ಮಾಡಿದರೆ ಆಯಿತು. ಹೋಗುವುದು ಬದಲಾದ ಭಾಗವಷ್ಟೇ ಆದ್ದರಿಂದ ಡೇಟಾ ಖರ್ಚೂ ಕಡಿಮೆ.

ಪ್ರತಿ ಕಮಿಟ್‌ಗೂ 40 ಅಕ್ಷರಗಳ ಒಂದು ಗುರುತು ಸಿಗುತ್ತದೆ. ಆ ಗುರುತನ್ನು ಲೆಕ್ಕ ಹಾಕುವಾಗ ಒಳಗಿನ ವಿಷಯ, ಬರೆದವರ ಹೆಸರು, ಸಮಯ, ಇವುಗಳ ಜೊತೆಗೆ ಹಿಂದಿನ ಕಮಿಟ್‌ನ ಗುರುತೂ ಸೇರುತ್ತದೆ. ಹಳೆಯ ನಮೂದೊಂದರಲ್ಲಿ ಯಾರಾದರೂ ಒಂದು ಅಕ್ಷರ ತಿದ್ದಿದರೂ ಅದರ ಗುರುತು ಬದಲಾಗುತ್ತದೆ, ಅದರ ಮುಂದಿನದ್ದೂ, ಅದರ ಮುಂದಿನದ್ದೂ. ಕದ್ದು ತಿದ್ದಲು ಬರುವುದಿಲ್ಲ.

ಶುರು ಮಾಡಲು ಖಾಲಿ ಫೋಲ್ಡರಿನಲ್ಲಿ ‘ಗಿಟ್ ಇನಿಟ್’ ಎಂದರೆ ಸಾಕು. ಆದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗದ ಕೆಲವು ಸಂಗತಿಗಳಿವೆ, ಅವನ್ನು ಇಲ್ಲಿ ಹೇಳಿಬಿಡುತ್ತೇನೆ. ಫೈಲಿಗೆ ‘ಪುರವರ’ ಎಂದು ಕನ್ನಡದಲ್ಲೇ ಹೆಸರಿಟ್ಟರೆ ಗಿಟ್ ಅದನ್ನು 340, 262, 252 ಎಂದು ಅಂಕಿಗಳ ಸಾಲಾಗಿ ತೋರಿಸಿ ಹೆದರಿಸುತ್ತದೆ. ಏನೂ ಕೆಟ್ಟಿಲ್ಲ, ‘ಪ’ ಅಕ್ಷರದ ಮೂರು ಬೈಟ್‌ಗಳವು. ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಡಬೇಡಿ, ಸಿಎಸ್‌ವಿ ಆಗಿ ಇಡಿ. ಗಿಟ್ ಸಾಲುಸಾಲಾಗಿ ಹೋಲಿಸುತ್ತದೆ. ಒಂದು ಹಳ್ಳಿಗೆ ಒಂದು ಸಾಲು ಇದ್ದರೆ ಯಾವ ಹಳ್ಳಿ ಬದಲಾಯಿತೆಂದು ಅದು ನಿಖರವಾಗಿ ತೋರಿಸಬಲ್ಲದು. ಎಕ್ಸೆಲ್ ಫೈಲಿನ ಒಳಗನ್ನು ಹಾಗೆ ತೋರಿಸಲಾರದು, ‘ಬದಲಾಗಿದೆ’ ಎಂದಷ್ಟೇ ಹೇಳೀತು. ಸಾಲುಗಳ ಕ್ರಮವೂ ಸ್ಥಿರವಾಗಿರಲಿ. ಒಬ್ಬರು ತಮ್ಮ ಅನುಕೂಲಕ್ಕೆ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಜೋಡಿಸಿ ಕಮಿಟ್ ಮಾಡಿದರೆ ಎಲ್ಲ ಸಾಲೂ ಬದಲಾದಂತೆ ಕಂಡು, ನಿಜವಾಗಿ ತಿದ್ದಿದ ಎರಡು ಸಾಲು ಅದರಲ್ಲಿ ಮುಚ್ಚಿಹೋಗುತ್ತವೆ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಸಾಲಿನ ಕೊನೆಯ ಗುರುತು ಬೇರೆ, ಅದರಿಂದಲೂ ಇದೇ ಪಾಡು; ‘ಗಿಟ್ ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಒಂದು ಸಾಲು ಬರೆದು ಮೊದಲೇ ಸರಿಮಾಡಿಕೊಳ್ಳಬೇಕು.

ಕಮಿಟ್ ಸಂದೇಶವನ್ನು ಕನ್ನಡದಲ್ಲೇ ಬರೆಯಿರಿ. ‘ಅಪ್‌ಡೇಟ್’, ‘ಚೇಂಜಸ್’ ಎಂದು ಬರೆಯುವುದಕ್ಕೂ ಬರೆಯದಿರುವುದಕ್ಕೂ ವ್ಯತ್ಯಾಸವಿಲ್ಲ. ‘ವೈ.ಎನ್.ಹೊಸಕೋಟೆ ಹೋಬಳಿಯ ಹೆಸರಿನಲ್ಲಿ ಚುಕ್ಕಿಯ ನಂತರದ ಖಾಲಿ ಜಾಗ ತೆಗೆದಿದೆ, ಎಲ್ಲ ಕಡೆ ಒಂದೇ ರೂಪ ಇರಲೆಂದು’ ಎಂದು ಬರೆದರೆ ಮೂರು ವರ್ಷದ ಮೇಲೆ ಬಂದ ಹುಡುಗಿಗೂ ಅರ್ಥವಾಗುತ್ತದೆ. ಏನು ಮಾಡಿದಿರಿ ಎಂಬುದು ಹೋಲಿಕೆಯಲ್ಲಿ ಹೇಗೂ ಕಾಣುತ್ತದೆ. ಏಕೆ ಮಾಡಿದಿರಿ ಎಂಬುದು ಸಂದೇಶದಲ್ಲಿ ಮಾತ್ರ ಉಳಿಯುತ್ತದೆ.

ಇನ್ನು ತಪಾಸಣೆ. ಸೊನ್ನೆ, ಅನುಸ್ವಾರಗಳ ಭೇದವನ್ನು ಕಣ್ಣು ಹಿಡಿಯಲಾರದು ಎಂದಾದ ಮೇಲೆ ಕಣ್ಣಿಗೆ ಆ ಕೆಲಸ ಕೊಡುವುದು ತಪ್ಪು. ಇದು ಯಂತ್ರಕ್ಕೆ ಒಪ್ಪಿಸಬೇಕಾದ ಕೆಲಸ, ಅದೂ ಪಟ್ಟಿಯಲ್ಲಿ ಹತ್ತು ಸಾಲು ಇರುವಾಗಲೇ. ಸಾವಿರ ಸಾಲು ತುಂಬಿದ ಮೇಲೆ ಮೊದಲ ಸಲ ತಪಾಸಣೆ ಓಡಿಸಿದರೆ ನೂರಾರು ತಪ್ಪುಗಳು ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ, ತಂಡ ಕೈಚೆಲ್ಲುತ್ತದೆ.

ಪೈಥಾನ್ ಗೊತ್ತಿರುವವರಿಗೆ ಈ ತಪಾಸಣೆ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಭಾಷೆಯ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ ಎಂಬ ಲೈಬ್ರರಿಯಲ್ಲಿ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ಎಂಬ ರೂಪ ಕೇಳಿದರೆ ಎತ್ವ ಮತ್ತು ಕೊಂಬಿನ ದೀರ್ಘ ಸೇರಿ ಆದ ‘ಕೊ’ವನ್ನು ಒತ್ವದ ಒಂದೇ ಚಿಹ್ನೆಯ ‘ಕೊ’ವಾಗಿ ಮಾಡಿಕೊಡುತ್ತದೆ. ಪ್ರತಿ ಸಾಲನ್ನೂ ಹಾಗೆ ಮಾಡಿ, ಮೂಲದ ಜೊತೆ ಹೋಲಿಸಿ, ಬೇರೆಯಾಗಿದ್ದರೆ ಸಾಲಿನ ಸಂಖ್ಯೆ ಹೇಳಿ ನಿಲ್ಲು ಎಂದರೆ ಕೊರಟಗೆರೆಯ ತೊಂದರೆ ಅಲ್ಲಿಗೆ ಮುಗಿಯಿತು. ಸೊನ್ನೆಯ ತೊಂದರೆ ಇದರಿಂದ ಮುಗಿಯುವುದಿಲ್ಲ, ಯಾಕೆಂದರೆ ಯೂನಿಕೋಡ್ ಪ್ರಕಾರ ಸೊನ್ನೆ ಮತ್ತು ಅನುಸ್ವಾರ ಸಮಾನವಲ್ಲ. ಅದಕ್ಕೆ ನಮ್ಮದೇ ನಿಯಮ ಬೇಕು. ಸೊನ್ನೆ ಕಂಡಲ್ಲೆಲ್ಲ ತಪ್ಪು ಎಂದರೆ ೨೦ ಎಂಬ ಸರಿಯಾದ ಸಂಖ್ಯೆಯೂ ತಪ್ಪಾಗುತ್ತದೆ. ಸೊನ್ನೆಗೆ ಮುಂಚೆ ಕನ್ನಡದ ಅಕ್ಷರವಿದ್ದರೆ ಮಾತ್ರ ತಪ್ಪು ಎನ್ನಬೇಕು. ಅನುಸ್ವಾರಕ್ಕೆ ಮುಂಚೆ ಅಂಕಿಯಿದ್ದರೂ ತಪ್ಪು ಎನ್ನಬೇಕು, ಅದಲುಬದಲು ಎರಡು ಕಡೆಯಿಂದಲೂ ಆಗುತ್ತದೆ. ‘ಅ’ ಬರೆದು ಅದಕ್ಕೆ ದೀರ್ಘ ಎಳೆದು ‘ಆ’ ಮಾಡಿಕೊಂಡವರನ್ನು ಹಿಡಿಯಲು ಇನ್ನೊಂದು ನಿಯಮ: ಸ್ವರದ ಮೇಲೆ ಗುಣಿತದ ಚಿಹ್ನೆ ಬರಕೂಡದು.

ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳ ವಿಷಯದಲ್ಲಿ ಮಾತ್ರ ಆತುರ ಸಲ್ಲದು. ‘ಸಾಫ್ಟ್‌ವೇರ್’ ಎಂದು ಒತ್ತಕ್ಷರ ಆಗದಂತೆ ಬಿಡಿಸಿ ಬರೆಯಲು ಒಂದು ಬೇಕು, ‘ರ‍್ಯಾಂಕ್’ ಎಂದು ಅರ್ಕಾವೊತ್ತು ಬಾರದಂತೆ ಬರೆಯಲು ಇನ್ನೊಂದು ಬೇಕು. ಇಂಗ್ಲಿಷಿಗಾಗಿ ಬರೆದ ಸಿದ್ಧ ತಪಾಸಣೆಗಳು ಇವನ್ನು ಕಸ ಎಂದು ಎತ್ತಿ ತೋರಿಸುವುದುಂಟು, ಕೆಲವು ತಾವೇ ತೆಗೆದೂಹಾಕುತ್ತವೆ. ಪದದ ಕೊನೆಯಲ್ಲಿ ಸುಮ್ಮನೆ ನೇತಾಡುತ್ತಿದ್ದರೆ, ಎರಡೆರಡು ಸಲ ಬಂದಿದ್ದರೆ ಮಾತ್ರ ತಡೆಯಿರಿ.

2018ರ ಫೆಬ್ರುವರಿಯಲ್ಲಿ ಈ ಕಾಣದ ಚಿಹ್ನೆಗಳಲ್ಲಿ ಮೊದಲನೆಯದು ಜಗತ್ತನ್ನೇ ಕಾಡಿತು. ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ನಿರ್ದಿಷ್ಟ ಬಗೆಯಲ್ಲಿ ಕೂಡಿಸಿ ಐಫೋನಿಗೆ ಕಳಿಸಿದರೆ ಸಂದೇಶದ ಆ್ಯಪ್ ಬಿದ್ದುಹೋಗುತ್ತಿತ್ತು, ತಿರುಗಿ ತೆರೆದರೆ ತಿರುಗಿ ಬೀಳುತ್ತಿತ್ತು. ವ್ಯಂಜನ, ಅದಕ್ಕೆ ಒತ್ತು, ಆಮೇಲೆ ಕಾಣದ ಆ ಚಿಹ್ನೆ, ಆಮೇಲೆ ಸ್ವರ: ಇಷ್ಟೇ ಸರಣಿ. ಆಪಲ್ ಫೆಬ್ರುವರಿ 19ರಂದು ಐಓಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು. ಪಾವಗಡ, ಮಧುಗಿರಿಯ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಬೇಕಾದಷ್ಟಿದ್ದಾರೆ. ಇಂಥ ಅಕ್ಷರಗಳನ್ನು ದಿನವೂ ಬರೆಯುವವರು ಅವರು. ಯಾವ ಜೋಡಣೆಯನ್ನು ಪರೀಕ್ಷೆಗೆ ಇಡಬೇಕೆಂದು ಅವರಿಗೆ ತಿಳಿದಷ್ಟು ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ತಿಳಿಯಲಾರದು. ನಮ್ಮ ಭಾಷೆಗಳ ತಂತ್ರಾಂಶದ ಗುಣಮಟ್ಟ ನಮ್ಮ ಹೋಬಳಿಗಳಿಂದ ಬರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಮ್ಮೆ ಸಿಕ್ಕ ದೋಷವನ್ನು ತಿದ್ದಿ ಸುಮ್ಮನಾಗದೆ, ಆ ಸರಣಿಯನ್ನೇ ಒಂದು ಪರೀಕ್ಷೆಯಾಗಿ ಬರೆದಿಟ್ಟರೆ ಅದು ಮತ್ತೆ ನುಸುಳುವುದಿಲ್ಲ.

ಅಕ್ಷರಗಳಾದ ಮೇಲೆ ವಿಷಯದ ತಪಾಸಣೆ. ತಾಲ್ಲೂಕಿನ ಕಾಲಂನಲ್ಲಿ ನಾಲ್ಕು ಹೆಸರುಗಳಲ್ಲೊಂದು ಇರಬೇಕು, ಹೋಬಳಿ ಆ ತಾಲ್ಲೂಕಿನದೇ ಆಗಿರಬೇಕು, ಅಕ್ಷಾಂಶ 13 ಮತ್ತು 15ರ ನಡುವೆ, ರೇಖಾಂಶ 76 ಮತ್ತು 78ರ ನಡುವೆ ಇರಬೇಕು. ಅಕ್ಷಾಂಶ ರೇಖಾಂಶ ಅದಲುಬದಲಾಗುವುದು ದಿನನಿತ್ಯದ ತಪ್ಪು. ಮಧುಗಿರಿಯ 13.66, 77.21 ಅನ್ನು ತಿರುಗಿಸಿ ಬರೆದರೆ ಊರು ನಾರ್ವೆಯಾಚೆಯ ಉತ್ತರ ಧ್ರುವದ ಸಮುದ್ರಕ್ಕೆ ಹೋಗುತ್ತದೆ. ಹಾಗೆಂದು ನಿಯಮ ಬರೆಯುವವರಿಗೆ ಸೀಮೆಯ ಪರಿಚಯವಿಲ್ಲದಿದ್ದರೂ ಅನಾಹುತವೇ. ‘ಜನಸಂಖ್ಯೆ ಸೊನ್ನೆ ಇರುವ ಊರು ತಪ್ಪು’ ಎಂದು ಒಬ್ಬರು ನಿಯಮ ಹಾಕಿದರೆನ್ನಿ. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮಗಳಿವೆ. ಊರಿನ ಹೆಸರಿದೆ, ಸರ್ವೆ ನಂಬರುಗಳಿವೆ, ಕೆರೆಯೂ ಇರಬಹುದು, ವಾಸಕ್ಕೆ ಮಾತ್ರ ಯಾರೂ ಇಲ್ಲ. ಜನ ಯಾವತ್ತೋ ಬಿಟ್ಟುಹೋದ ಆ ಊರುಗಳ ಹೆಸರು ಪಟ್ಟಿಯಲ್ಲಿ ಉಳಿಯುವುದೇ ಹೆಚ್ಚು ಮುಖ್ಯ, ಅವನ್ನು ಬಾಯಲ್ಲಿ ಹೇಳುವವರೂ ಕಡಿಮೆಯಾಗುತ್ತಿದ್ದಾರೆ.

ಪ್ರೋಗ್ರಾಂನ ಕೋಡಿಗೂ ತಪಾಸಣೆ ಬೇಕು. ಪೈಥಾನ್‌ಗೆ ರಫ್, ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್, ಪರೀಕ್ಷೆ ಓಡಿಸಲು ಪೈಟೆಸ್ಟ್. ಈ ಬಗೆಯ ಸಲಕರಣೆಗಳ ಮೂಲಪುರುಷ ‘ಲಿಂಟ್’ ಎಂಬುದನ್ನು 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದರು. ಇವೆಲ್ಲ ಉಚಿತ, ಎಲ್ಲದಕ್ಕೂ ಒಳ್ಳೆಯ ವಿವರಣೆಗಳಿವೆ, ಇಲ್ಲಿ ಬೆಳೆಸುವುದಿಲ್ಲ.

ಇವನ್ನು ಯಾವಾಗ ಓಡಿಸಬೇಕು ಎಂಬುದು ಹೆಚ್ಚು ಮುಖ್ಯ. ‘ನೆನಪಾದಾಗ ಓಡಿಸೋಣ’ ಎಂದರೆ ಓಡಿಸುವುದೇ ಇಲ್ಲ. ಗಿಟ್‌ನಲ್ಲಿ ಹುಕ್ ಎಂಬ ಏರ್ಪಾಡಿದೆ. ಕಮಿಟ್ ಎಂದು ಒತ್ತಿದ ಕೂಡಲೇ, ನಮೂದು ಆಗುವ ಮೊದಲು, ಅದು ತಪಾಸಣೆ ಓಡಿಸುತ್ತದೆ. ತಪ್ಪಿದ್ದರೆ ಕಮಿಟ್ ಆಗುವುದಿಲ್ಲ. ಆದರೆ ಈ ಹುಕ್‌ಗಳು ಆಯಾ ಲ್ಯಾಪ್‌ಟಾಪಿನೊಳಗೇ ಇರುತ್ತವೆ, ಪ್ರಾಜೆಕ್ಟಿನ ಪ್ರತಿ ತೆಗೆದುಕೊಂಡವರಿಗೆ ಜೊತೆಯಲ್ಲಿ ಹೋಗುವುದಿಲ್ಲ. ಅದಕ್ಕಾಗಿಯೇ ‘ಪ್ರಿ-ಕಮಿಟ್’ ಎಂಬ ಸಲಕರಣೆ ಇದೆ. ಯಾವ ಯಾವ ತಪಾಸಣೆ ಬೇಕೆಂಬ ಪಟ್ಟಿ ಪ್ರಾಜೆಕ್ಟಿನ ಒಳಗೇ ಒಂದು ಫೈಲಾಗಿ ಇರುತ್ತದೆ. ಹೊಸಬರು ಬಂದಾಗ ಒಂದು ಆಜ್ಞೆ ಕೊಟ್ಟರೆ ಅವರ ಯಂತ್ರಕ್ಕೂ ಹುಕ್ ಬಂತು. ಇಷ್ಟಾದರೂ ‘ನೋ-ವೆರಿಫೈ’ ಎಂದು ಸೇರಿಸಿ ಹುಕ್ಕನ್ನು ದಾಟಿ ಹೋಗಲು ದಾರಿಯಿದೆ, ಅವಸರದಲ್ಲಿದ್ದವರು ದಾಟುತ್ತಾರೆ. ಹಾಗಾಗಿ ಅದೇ ತಪಾಸಣೆ ಸರ್ವರ್‌ನಲ್ಲೂ ಇನ್ನೊಮ್ಮೆ ಓಡಬೇಕು. ಗಿಟ್ ಪ್ರಾಜೆಕ್ಟುಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ‘ಆ್ಯಕ್ಷನ್ಸ್’ ಇದಕ್ಕೇ ಇರುವುದು. ಸಾರ್ವಜನಿಕ ಪ್ರಾಜೆಕ್ಟುಗಳಿಗೆ ಅದರ ಸಾಮಾನ್ಯ ಯಂತ್ರಗಳ ಬಳಕೆ ಉಚಿತ. ಪುಶ್ ಮಾಡಿದಾಗಲೆಲ್ಲ ಎಲ್ಲೋ ಒಂದು ಹೊಸ ಲಿನಕ್ಸ್ ಯಂತ್ರ ಎದ್ದು, ನಿಮ್ಮ ಪ್ರಾಜೆಕ್ಟನ್ನು ಮೊದಲಿಂದ ಇಳಿಸಿಕೊಂಡು, ಎಲ್ಲ ಪರೀಕ್ಷೆ ಓಡಿಸಿ ಹಸಿರು ಗುರುತೋ ಕೆಂಪು ಗುರುತೋ ಹಾಕುತ್ತದೆ. ಈ ‘ಮೊದಲಿಂದ’ ಎಂಬುದರಲ್ಲಿ ದೊಡ್ಡ ಲಾಭವಿದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓದಿಸಿಕೊಂಡ ಕನ್ನಡ ಫೈಲು ಬೇರೆಡೆ ಗೋಜಲಾಗುವುದು, ಬೇರೆಡೆ ಸರಿಯಿದ್ದದ್ದು ವಿಂಡೋಸ್‌ನಲ್ಲಿ ಎಡವುವುದು ಸಾಮಾನ್ಯ. ಫೈಲು ತೆರೆಯುವಾಗ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳದೇ ಇದ್ದದ್ದೇ ಕಾರಣ. ‘ನನ್ನ ಮಿಷನ್‌ನಲ್ಲಿ ನಡೆಯುತ್ತೆ ಸಾರ್’ ಎಂಬ ಮಾತು ಆಗ ವೈವಾದ ದಿನಕ್ಕೆ ಉಳಿಯುವುದಿಲ್ಲ, ಮೊದಲ ವಾರದಲ್ಲೇ ಇತ್ಯರ್ಥವಾಗುತ್ತದೆ.

ಮುಖ್ಯ ಕವಲಿಗೆ ಯಾರೂ ನೇರವಾಗಿ ಬರೆಯದಂತೆ ಬೀಗ ಹಾಕಿ. ಪ್ರತಿ ಬದಲಾವಣೆ ಪುಲ್ ರಿಕ್ವೆಸ್ಟ್ ಆಗಿ, ಅಂದರೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಾಗಿ ಬರಲಿ, ತಪಾಸಣೆ ಹಸಿರಾಗಲಿ, ತಂಡದ ಇನ್ನೊಬ್ಬರು ಓದಿ ಒಪ್ಪಲಿ. ಯಂತ್ರಕ್ಕೆ ಸೊನ್ನೆ ಗೊತ್ತು, ಕೆರೆ ಗೊತ್ತಿಲ್ಲ. ಊರಿನವರು ಆ ಕೆರೆಯನ್ನು ಏನೆಂದು ಕರೆಯುತ್ತಾರೆ, ದಾಖಲೆಯ ಹೆಸರು ಬೇರೆಯಾದರೆ ಎರಡನ್ನೂ ಇಡಬೇಕೇ ಎಂದು ತೀರ್ಮಾನಿಸಬೇಕಾದವರು ಮನುಷ್ಯರು. ಚುಕ್ಕಿ, ಖಾಲಿ ಜಾಗಗಳ ಜಗಳವನ್ನು ಯಂತ್ರ ಮೊದಲೇ ಮುಗಿಸಿಟ್ಟಿರುವುದರಿಂದ ಅಷ್ಟಕ್ಕೆ ಅವರಿಗೆ ಬಿಡುವು ಸಿಗುತ್ತದೆ. ಮೇಷ್ಟ್ರುಗಳಿಗೂ ಇದರಿಂದ ಉಪಕಾರ: ತಂಡದಲ್ಲಿ ಯಾರು ಕೆಲಸ ಮಾಡಿದರು, ಯಾರ ಹೆಸರು ಮಾತ್ರ ಇದೆ ಎಂಬುದು ಲಾಗ್‌ನಲ್ಲಿ ಸಾಕಷ್ಟು ಮಟ್ಟಿಗೆ ಕಾಣುತ್ತದೆ.

ಇದೆಲ್ಲ ಕನ್ನಡದಲ್ಲಿ ಆಗದ ಮಾತಲ್ಲ. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳು. ಅದನ್ನು ಹೊರತರಲು ನೆರವಾದ ಕೈಲಾಶ್ ನಾಧ್ ಅದಕ್ಕೂ ಮೊದಲು ಮಲಯಾಳಂಗೆ ‘ಓಳಂ’ ಎಂಬ ನಿಘಂಟು ಕಟ್ಟಿದ್ದವರು. ಅಲರ್‌ನ ಇಡೀ ದತ್ತಾಂಶ ಸಾದಾ ಪಠ್ಯದ ರೂಪದಲ್ಲಿ ಗಿಟ್‌ಹಬ್‌ನಲ್ಲಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪದ ಹೇಗೆ ದಾಖಲಾಗಿದೆ ಎಂದು ನೋಡಬಹುದು. 1894ರ ಕಿಟ್ಟೆಲ್ ನಿಘಂಟಿನಲ್ಲಿ ಅಚ್ಚಿನ ತಪ್ಪು ಕಂಡವರು ಮುಂದಿನ ಮುದ್ರಣಕ್ಕೆ ಕಾಯಬೇಕಿತ್ತು, ಇಲ್ಲಿ ಹಾಗಿಲ್ಲ. ಅರವಿಂದ ವಿ.ಕೆ. ಅವರ ‘ಗುಬ್ಬಿ’, ‘ನವಿಲು’ ಫಾಂಟ್‌ಗಳು ಹೀಗೆಯೇ ಮುಕ್ತವಾಗಿ ಬಂದು ಡೆಬಿಯನ್ ಲಿನಕ್ಸ್ ಸೇರಿದವು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಪಠ್ಯವನ್ನು ಯೂನಿಕೋಡ್‌ಗೆ ತರುವ ಅವರ ಪರಿವರ್ತಕದ ಕೋಡ್ ಕೂಡ ತೆರೆದೇ ಇದೆ. ನಮ್ಮ ಕಡೆಯ ಮಕ್ಕಳು ಇಂಥ ಕೋಡನ್ನು ತೆರೆದು ಓದುವುದರಿಂದ ಕಲಿಯುವಷ್ಟು ಯಾವ ಗೈಡ್ ಪುಸ್ತಕದಿಂದಲೂ ಕಲಿಯಲಾರರು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಹಳ್ಳಿಯ ವಿಷಯ ಸಂಗ್ರಹಿಸುವವರಿಗೆ ಒಂದು ಎಚ್ಚರಿಕೆ ಉಳಿದಿದೆ. ಕೆರೆಯ ಹೆಸರು ಹೇಳಿದ ಹಿರಿಯರ ಫೋನ್ ನಂಬರ್, ಯಾರದೋ ಆಧಾರ್ ಸಂಖ್ಯೆ, ನೀರಗಂಟಿಯ ಮನೆ ವಿಳಾಸ, ಡೇಟಾಬೇಸಿನ ಪಾಸ್‌ವರ್ಡ್, ಇವು ಟಿಪ್ಪಣಿಯ ಜೊತೆ ಪಟ್ಟಿಯೊಳಗೆ ಬಂದುಬಿಡುತ್ತವೆ. ಗಿಟ್ ಏನನ್ನೂ ಮರೆಯುವುದಿಲ್ಲ ಎಂಬ ಗುಣ ಇಲ್ಲಿ ತಿರುಗಿ ಬೀಳುತ್ತದೆ. ಮರುದಿನ ಆ ಸಾಲು ಅಳಿಸಿ ಕಮಿಟ್ ಮಾಡಿದರೂ ಹಿಂದಿನ ಕಮಿಟ್‌ನಲ್ಲಿ ನಂಬರ್ ಹಾಗೆಯೇ ಇರುತ್ತದೆ. ಇಡೀ ಚರಿತ್ರೆಯನ್ನು ತಿರುಗಿ ಬರೆಯುವ ಸಲಕರಣೆಗಳಿವೆ, ಆದರೆ ಅಷ್ಟರಲ್ಲಿ ಪ್ರತಿ ತೆಗೆದುಕೊಂಡವರ ಬಳಿ ಅದು ಉಳಿದೇ ಇರುತ್ತದೆ. ನಂಬಿ ಹೇಳಿದ ಹಿರಿಯರಿಗೆ ಇದರಿಂದ ತೊಂದರೆಯಾಗಬಾರದು. 6, 7, 8, 9ರಲ್ಲಿ ಒಂದರಿಂದ ಶುರುವಾಗುವ 10 ಅಂಕಿಗಳ ಸಾಲು, 12 ಅಂಕಿಗಳ ಸಾಲು, ಮಧ್ಯೆ ಖಾಲಿ ಜಾಗ ಬಿಟ್ಟು ಬರೆದದ್ದೂ ಸೇರಿ, ಕನ್ನಡ ಅಂಕಿಯಲ್ಲಿ ಬರೆದದ್ದೂ ಸೇರಿ, ಕಂಡರೆ ತಡೆಯುವ ನಿಯಮವನ್ನು ಸೊನ್ನೆಯ ನಿಯಮಕ್ಕಿಂತ ಮುಂಚೆ, ಮೊದಲ ಪುಶ್‌ಗೂ ಮುಂಚೆ ಬರೆಯಬೇಕು.